ಹಳೆಯ ಬಡಾವಣೆಯ ಕುಲಗೋತ್ರ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರು ಕ್ಯಾಲಿಫೋರ್ನಿಯಾ ಕಂಡವರಲ್ಲ. ಇಲ್ಲಿ ಮನೆ ಕಟ್ಟುವವರು ಕಡಿಮೆ. ಯಾರೋ ಎಂದೋ ಕಟ್ಟಿದ್ದನ್ನು, ಮತ್ತೆ ನಾಲ್ಕಾರು ಸಂಸಾರಗಳು ಬಾಳಿ ಬಿಟ್ಟದ್ದನ್ನು ಕೊಳ್ಳುವವರೇ ಹೆಚ್ಚು. ಹಾಗಾಗಿ ಗಾದೆಯ ಎರಡು ಕಷ್ಟಗಳೂ ಇಲ್ಲಿ ಒಂದೇ ಆಗಿಬಿಟ್ಟಿವೆ. ಮನೆ ಕೊಳ್ಳುವುದೆಂದರೆ ಒಂದು ಬಗೆಯ ಸಂಬಂಧ ಬೆಳೆಸುವುದು. ಆದರೆ ಹುಡುಗನನ್ನು ನೋಡಲು ಹೊರಟಾಗ ‘ಯಾವ ಕಡೆಯವರು, ಮನೆತನ ಹೇಗೆ’ ಎಂದು ಮೂರು ತಲೆಮಾರು ವಿಚಾರಿಸುವ ನಾವು, ಮೂವತ್ತು ವರ್ಷದ ಸಾಲ ತೆಗೆದು ಸೇರಲಿರುವ ಬಡಾವಣೆಯ ಮನೆತನವನ್ನು ಕೇಳುವುದು ಅಪರೂಪ.

ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ಕಿವಿಗೆ ಬೀಳುವ ಮಾತುಗಳನ್ನೇ ನೆನಪಿಸಿಕೊಳ್ಳಿ. ‘ಏರಿಯಾ ಹೇಗಿದೆ?’ ‘ಪರವಾಗಿಲ್ಲ, ಸ್ಕೂಲು ಹತ್ತಕ್ಕೆ ಒಂಬತ್ತು.’ ‘ನಮ್ಮವರು ಇದ್ದಾರಾ?’ ‘ಬೇಕಾದಷ್ಟು.’ ‘ಮುಂದೆ ಮಾರಿದರೆ ಬೆಲೆ ಬರುತ್ತಾ?’ ಇಷ್ಟಾದರೆ ಏರಿಯಾ ಒಳ್ಳೆಯದು ಎಂದು ತೀರ್ಮಾನ. ಹಳೆಯ ಬಡಾವಣೆಯಾದರೆ ‘ಸ್ವಲ್ಪ ಹಳೇದು’ ಎಂದು ದನಿ ತಗ್ಗುತ್ತದೆ, ಏನೋ ಕಾಯಿಲೆಯ ಸುದ್ದಿ ಹೇಳುವ ಹಾಗೆ. ನಾವು ಮನೆ ಹುಡುಕುತ್ತಿದ್ದ ವರ್ಷ ನಮ್ಮ ಮನೆಯ ಊಟದ ಮೇಜಿನ ಮೇಲೂ ಇದೇ ಮಾತುಗಳಿದ್ದವು. ಮಿಲ್ಪಿಟಾಸ್ ಊರಿನ ಉತ್ತರ ಭಾಗದಲ್ಲಿರುವ ಸನ್ನಿಹಿಲ್ಸ್ ಎಂಬ ಬಡಾವಣೆಯ ಒಂದು ಒಂಟಿ ಅಂತಸ್ತಿನ ಮನೆ ನಮ್ಮ ಕೈಗೆಟುಕುವ ಹಾಗಿತ್ತು. 1950ರ ದಶಕದ ಮನೆ. ಎದುರಿಗೆ ಗ್ಯಾರೇಜು, ತಗ್ಗಾದ ಸೂರು, ಹಿಂದೆ ಒಂದು ನಿಂಬೆ ಮರ. ‘ಮರ ಚೆನ್ನಾಗಿದೆ ರೀ, ಮನೆ ನೋಡಿದರೆ ಭಯವಾಗುತ್ತೆ’ ಎಂದಳು ನನ್ನ ಹೆಂಡತಿ.

ನಮ್ಮ ಮನೆ ದಲ್ಲಾಳಿ ಅನುಭವಸ್ಥೆ, ಮಾತುಗಾರ್ತಿ. ಬೆಲೆ, ಬಡ್ಡಿ, ಛಾವಣಿ, ಗೆದ್ದಲು ಎಲ್ಲದರ ಬಗ್ಗೆಯೂ ಧಾರಾಳವಾಗಿ ಹೇಳಿದಾಕೆ, ‘ಇಲ್ಲಿ ಎಂಥ ಜನ ಇರುತ್ತಾರೆ?’ ಎಂಬ ನಮ್ಮ ಪ್ರಶ್ನೆಗೆ ಮಾತ್ರ ನಕ್ಕು ಸುಮ್ಮನಾದಳು. ‘ಅದನ್ನು ನಾನು ಹೇಳುವಂತಿಲ್ಲ, ಕಾನೂನಿದೆ. ನೀವೇ ಓಡಾಡಿ ನೋಡಿ’ ಎಂದಳು. ಜನಾಂಗ, ಧರ್ಮ, ಮೂಲದೇಶ ನೋಡಿ ಗಿರಾಕಿಯನ್ನು ಒಂದು ಬಡಾವಣೆಯ ಕಡೆಗೆ ತಿರುಗಿಸುವುದು ಅಥವಾ ಇನ್ನೊಂದರಿಂದ ದೂರವಿಡುವುದು ಈ ದೇಶದಲ್ಲಿ 1968ರಿಂದ ಅಪರಾಧ. ನಮ್ಮೂರಿನಲ್ಲಿ ಸಹಜವೆನಿಸುವ ಒಂದು ಪ್ರಶ್ನೆಗೆ ಉತ್ತರಿಸಬಾರದೆಂದು ಒಂದು ದೇಶ ಕಾನೂನು ಮಾಡಿಕೊಂಡಿದ್ದರೆ ಅದರ ಹಿಂದೆ ಒಂದು ಕಥೆ ಇದ್ದೇ ಇರುತ್ತದೆ. ಆ ಕಥೆ ನಾವು ನೋಡುತ್ತಿದ್ದ ಬೀದಿಯ ಮೂಲಕವೇ ಹಾದುಹೋಗಿತ್ತು.

ಕಥೆ 1930ರ ದಶಕದ ಆರ್ಥಿಕ ಕುಸಿತದಿಂದ ಶುರುವಾಗುತ್ತದೆ. ಸಾಲ ತೀರಿಸಲಾಗದೆ ಜನ ಮನೆ ಕಳೆದುಕೊಳ್ಳುತ್ತಿದ್ದಾಗ, 1933ರಲ್ಲಿ ಅಮೆರಿಕದ ಸರ್ಕಾರ ಗೃಹಸಾಲಗಳಿಗೆ ಆಸರೆಯಾಗಲು ಒಂದು ನಿಗಮವನ್ನು ತೆರೆಯಿತು. ಆ ನಿಗಮ ಇನ್ನೂರಕ್ಕೂ ಹೆಚ್ಚು ನಗರಗಳ ಬಡಾವಣೆಗಳನ್ನು ಅಳೆದು ನಕ್ಷೆ ಬರೆಸಿತು. ಅತ್ಯುತ್ತಮಕ್ಕೆ ಹಸಿರು, ಆಮೇಲಿನದಕ್ಕೆ ನೀಲಿ, ಇಳಿಯುತ್ತಿರುವುದಕ್ಕೆ ಹಳದಿ, ಅಪಾಯಕ್ಕೆ ಕೆಂಪು. ಅಳತೆಗೆ ಕಟ್ಟಡದ ವಯಸ್ಸು, ರಸ್ತೆ, ಚರಂಡಿ ಇದ್ದವು. ಜೊತೆಗೆ ವಾಸಿಸುವವರ ಮೈಬಣ್ಣವೂ ಮೂಲದೇಶವೂ ಇದ್ದವು. ಕಪ್ಪು ಜನರೋ ಏಷ್ಯದವರೋ ಬಂದು ಸೇರುತ್ತಿದ್ದಾರೆ ಎಂಬ ಒಂದು ಸಾಲು ಸಾಕು, ಬಡಾವಣೆಯ ಬಣ್ಣ ಇಳಿಯುತ್ತಿತ್ತು.

ಮರುವರ್ಷ, 1934ರಲ್ಲಿ, ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಬಂತು. ಇದು ತಾನೇ ಸಾಲ ಕೊಡುತ್ತಿರಲಿಲ್ಲ, ಬ್ಯಾಂಕು ಕೊಟ್ಟ ಸಾಲಕ್ಕೆ ವಿಮೆ ಕೊಡುತ್ತಿತ್ತು. ವಿಮೆ ಇದ್ದರೆ ಬಡ್ಡಿ ಕಡಿಮೆ, ಕಂತು ಸಣ್ಣದು, ಗಡುವು ದೀರ್ಘ. ಹೀಗಾಗಿ ಯಾವ ಬಡಾವಣೆ ಏಳಬೇಕು, ಯಾರಿಗಾಗಿ ಏಳಬೇಕು ಎಂಬುದು ಈ ಇಲಾಖೆಯ ಕೈಪಿಡಿಯಲ್ಲಿ ತೀರ್ಮಾನವಾಗುತ್ತಿತ್ತು. ಒಬ್ಬರಿಗೊಬ್ಬರು ಹೊಂದದ ಜನಾಂಗಗಳು ಬೆರೆಯದಂತೆ ಕ್ರಯಪತ್ರದಲ್ಲೇ ಷರತ್ತು ಹಾಕುವುದು ಒಳ್ಳೆಯದೆಂದು ಆ ಕೈಪಿಡಿ ಸಲಹೆ ಕೊಟ್ಟಿತು. ಶಾಲೆಯ ಬಗ್ಗೆಯೂ ಅದರಲ್ಲಿ ಮಾತಿತ್ತು: ಬಡಾವಣೆಯ ಮಕ್ಕಳು ಹೋಗುವ ಶಾಲೆಯಲ್ಲಿ ಕೆಳವರ್ಗದ ಅಥವಾ ಹೊಂದದ ಜನಾಂಗದ ಮಕ್ಕಳು ಹೆಚ್ಚಿದ್ದರೆ ಆ ಬಡಾವಣೆ ಬಾಳಿಕೆಯದಲ್ಲ. ಇದನ್ನು ಓದಿದಾಗ ನನಗೆ ಯುಗಾದಿ ಊಟದ ಸಾಲು ನೆನಪಾಯಿತು. ಶಾಲೆಯ ಅಂಕ ನೋಡಿ ಮನೆಗೆ ಬೆಲೆ ಕಟ್ಟುವ ಅಭ್ಯಾಸ ನಮ್ಮ ಕಾಲದ ವೆಬ್‌ಸೈಟುಗಳ ಶೋಧನೆಯೇನೂ ಅಲ್ಲ.

ಎರಡನೆಯ ಮಹಾಯುದ್ಧ ಮುಗಿದು ಸೈನಿಕರು ಮರಳಿದಾಗ ದೇಶದ ತುಂಬ ಉಪನಗರಗಳು ಎದ್ದವು. ನ್ಯೂಯಾರ್ಕ್ ಬಳಿ 1947ರಲ್ಲಿ ಶುರುವಾದ ಲೆವಿಟೌನ್ ಒಂದರಲ್ಲೇ 17 ಸಾವಿರಕ್ಕೂ ಹೆಚ್ಚು ಮನೆಗಳು ಎದ್ದವು; ಅಲ್ಲಿ ಬಿಳಿಯರಲ್ಲದವರಿಗೆ ಜಾಗವಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಲೂ ಅದೇ ಪದ್ಧತಿ. ನಮ್ಮ ಸಾಂತಾ ಕ್ಲಾರಾ ಕೌಂಟಿಯ ಸುಮಾರು 52 ಲಕ್ಷ ಹಳೆಯ ದಸ್ತಾವೇಜುಗಳನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಕಂಪ್ಯೂಟರಿನ ನೆರವಿನಿಂದ ಜಾಲಾಡಿದಾಗ, 1950ರ ಹೊತ್ತಿಗೆ ಈ ಕೌಂಟಿಯ ಆಸ್ತಿಗಳಲ್ಲಿ ಸುಮಾರು ನಾಲ್ಕಕ್ಕೊಂದರ ಮೇಲೆ ಇಂಥ ಜನಾಂಗದ ಷರತ್ತು ಇತ್ತೆಂದು ಅಂದಾಜು ಮಾಡಿದರು. ಇವತ್ತು ಇದೇ ಜಾಗವನ್ನು ನಾವು ಸಿಲಿಕಾನ್ ಕಣಿವೆ ಎನ್ನುತ್ತೇವೆ. ಹೆಸರು ಬದಲಾದರೂ ನೋಂದಣಿ ಕಚೇರಿಯ ಕಾಗದ ಬದಲಾಗುವುದಿಲ್ಲ.

‘ಅದು ಕಪ್ಪು ಬಿಳುಪಿನ ಜಗಳ, ನಮಗೇನು?’ ಎನ್ನುವವರಿದ್ದಾರೆ. ನಮ್ಮವರ ಹೆಸರೂ ಈ ಕಥೆಯಲ್ಲಿ ಬಹಳ ಮೊದಲೇ ಬರುತ್ತದೆ. 1915ರಲ್ಲಿ ವೈಷ್ಣೋ ದಾಸ್ ಬಗಾಯ್ ಎಂಬುವರು ಹೆಂಡತಿ ಕಲಾ ಬಗಾಯ್ ಮತ್ತು ಮೂವರು ಗಂಡುಮಕ್ಕಳೊಡನೆ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದಿಳಿದರು. ಬರ್ಕ್ಲಿಯಲ್ಲಿ ಮನೆ ಕೊಂಡು, ಸಾಮಾನು ಸಾಗಿಸಿಕೊಂಡು ಹೋದ ದಿನ ನೆರೆಯವರು ಅವರನ್ನು ಒಳಗೆ ಬಿಡದಂತೆ ಮನೆಗೆ ಬೀಗ ಹಾಕಿದ್ದರು. ಸಂಸಾರ ಹಿಂದಿರುಗಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಭಾರತೀಯರು ‘ಬಿಳಿಯರು’ ಅಲ್ಲವೆಂದು ತೀರ್ಪಿತ್ತ ಮೇಲೆ ಬಗಾಯ್ ಅವರ ಪೌರತ್ವವೂ ಹೋಯಿತು. ಪೌರತ್ವಕ್ಕೆ ಅರ್ಹರಲ್ಲದ ಏಷ್ಯದವರು ಭೂಮಿ ಹೊಂದಬಾರದೆಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ ಆಗಲೇ ಇತ್ತು. 1928ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಕಲಾ ಬಗಾಯ್ ಮಕ್ಕಳನ್ನು ಬೆಳೆಸಿ, ಈ ನೆಲದಲ್ಲೇ ದೀರ್ಘಕಾಲ ಬಾಳಿದರು. 2020ರಲ್ಲಿ ಅದೇ ಬರ್ಕ್ಲಿಯ ನಗರಸಭೆ ಪೇಟೆಯ ನಡುವಿನ ಒಂದು ರಸ್ತೆಗೆ ಆ ಹೆಣ್ಣುಮಗಳ ಹೆಸರಿಡಲು ಒಪ್ಪಿತು. ಕಾನೂನಿನ ಕಣ್ಣಲ್ಲಿ ಭಾರತೀಯರು ಪೌರರಾಗುವ ಹಕ್ಕು ಪಡೆದದ್ದು 1946ರಲ್ಲಿ. ಅಂದರೆ ನಮ್ಮ ಅಜ್ಜಂದಿರ ಕಾಲದಲ್ಲಿ ಈ ಕಣಿವೆಯಲ್ಲಿ ‘ನಮ್ಮವರು ಇದ್ದಾರಾ?’ ಎಂಬ ಪ್ರಶ್ನೆಯನ್ನು ನಮ್ಮ ಬಗ್ಗೆ ಬೇರೆಯವರು ಕೇಳುತ್ತಿದ್ದರು, ಇದ್ದರೆ ಬೆಲೆ ಇಳಿಸುತ್ತಿದ್ದರು.

ಈಗ ಮಿಲ್ಪಿಟಾಸ್‌ಗೆ ಬರೋಣ. ಹೆಸರಿನ ಅರ್ಥ ಮುಸುಕಿನ ಜೋಳದ ಪುಟ್ಟ ಹೊಲಗಳು. ಓಕ್ಲೆಂಡಿನಿಂದ ಸ್ಯಾನ್ ಹೋಸೆಗೆ ಹೋಗುವ ದಾರಿಯ ಮೇಲಿನ ಬೇಸಾಯದ ಹಳ್ಳಿ. ಅದರ ಹಣೆಬರಹ ಬದಲಾದದ್ದು ಫೋರ್ಡ್ ಕಂಪನಿಯಿಂದ. ಕೊಲ್ಲಿಯ ಉತ್ತರದ ರಿಚ್ಮಂಡಿನಲ್ಲಿದ್ದ ಕಾರಿನ ಕಾರ್ಖಾನೆ ಸಾಲದೆಂದು, ಅದನ್ನು ಮುಚ್ಚಿ ಐವತ್ತು ಮೈಲಿ ದಕ್ಷಿಣದಲ್ಲಿ ದೊಡ್ಡದೊಂದನ್ನು ಕಟ್ಟುವುದಾಗಿ ಕಂಪನಿ 1953ರಲ್ಲಿ ಸಾರಿತು. 1954ರಲ್ಲಿ ಮಿಲ್ಪಿಟಾಸ್ ಪುರಸಭೆಯಾಯಿತು, 1955ರಲ್ಲಿ ಕಾರ್ಖಾನೆ ತೆರೆಯಿತು. ರಿಚ್ಮಂಡಿನ ಸುಮಾರು 1,400 ಕಾರ್ಮಿಕರಿಗೂ ಹೊಸ ಕಾರ್ಖಾನೆಯಲ್ಲಿ ಕೆಲಸ ಸಿಗುವಂತೆ ಯೂನಿಯನ್ ಒಪ್ಪಂದ ಮಾಡಿಕೊಂಡಿತ್ತು. ಅವರಲ್ಲಿ ಸುಮಾರು 250 ಮಂದಿ ಕಪ್ಪು ಜನ. ಕೆಲಸವೇನೋ ಸಿಕ್ಕಿತು, ಕೆಲಸದ ಹತ್ತಿರ ಮನೆ ಸಿಗಲಿಲ್ಲ. ಸುತ್ತಲೂ ಏಳುತ್ತಿದ್ದ ಬಡಾವಣೆಗಳೆಲ್ಲ ಬಿಳಿಯರಿಗೆ ಮಾತ್ರ.

ಆಗ ಯೂನಿಯನ್ನಿನವರು ತಾವೇ ಎಲ್ಲರಿಗೂ ತೆರೆದ ಬಡಾವಣೆಯೊಂದನ್ನು ಕಟ್ಟಿಸಲು ಹೊರಟರು. ಕ್ವೇಕರ್ ಪಂಥದ ಸೇವಾ ಸಂಸ್ಥೆಯೊಂದು ಜೊತೆಗೂಡಿತು. ಮುಂದಿನ ಎರಡು ವರ್ಷ ನಡೆದದ್ದನ್ನು ಓದಿದರೆ ನಗುವುದೋ ಅಳುವುದೋ ತಿಳಿಯದು. ಬೆರೆತು ಬಾಳುವ ಬಡಾವಣೆಗೆ ಸಾಲ ಕೊಡುವವರು ಸಿಗಲಿಲ್ಲ. ಕೊನೆಗೆ ಒಂದು ದೊಡ್ಡ ವಿಮಾ ಕಂಪನಿ ಒಪ್ಪಿತು. ಒಂದು ಕಡೆ ಜಾಗ ನೋಡಿದರೆ, ಕೌಂಟಿಯವರು ವಸತಿಗೆಂದಿದ್ದ ಆ ನೆಲವನ್ನು ಇದ್ದಕ್ಕಿದ್ದಂತೆ ಕೈಗಾರಿಕೆಗೆ ಮೀಸಲಿಟ್ಟರು. ಇನ್ನೊಂದು ಕಡೆ ಹೋದರೆ, ನಿವೇಶನದ ಕನಿಷ್ಠ ಅಳತೆಯನ್ನು 6,000 ಚದರ ಅಡಿಯಿಂದ 8,000ಕ್ಕೆ ಏರಿಸಿದರು. ಕಾರ್ಮಿಕನ ಕೈಗೆ ಮನೆ ಎಟುಕದಂತಾಯಿತು. ಮಿಲ್ಪಿಟಾಸ್‌ನಲ್ಲೇ ಜಾಗ ಸಿಕ್ಕಾಗ, ಒಳಚರಂಡಿ ಜೋಡಣೆಯ ಶುಲ್ಕ ಹತ್ತು ಪಟ್ಟಿಗೂ ಮಿಗಿಲಾಗಿ ಏರಿತು. ಪಕ್ಕದಲ್ಲೇ ಬಿಳಿಯರ ಬಡಾವಣೆ ಕಟ್ಟುತ್ತಿದ್ದ ಕಂಪನಿಗೆ ಈ ನೆರೆ ಬೇಕಿರಲಿಲ್ಲ. ಎಲ್ಲೂ ಯಾರೂ ಬಾಯಿಬಿಟ್ಟು ‘ಕಪ್ಪು ಜನ ಬೇಡ’ ಎನ್ನಲಿಲ್ಲ. ಚದರಡಿ, ಚರಂಡಿ, ವಲಯ ಎಂಬ ಸಭ್ಯ ಮಾತುಗಳೇ ಸಾಕಾದವು.

ಯೂನಿಯನ್ ಬಿಡಲಿಲ್ಲ. ಪಕ್ಕದ ಬಡಾವಣೆಯ ಮನೆ ಕೊಳ್ಳಬೇಡಿ ಎಂದು ಪ್ರಚಾರ ಮಾಡಿದರು, ಕೋರ್ಟು ಕಚೇರಿ ಅಲೆದರು, ರಾಜ್ಯದ ಅಟಾರ್ನಿ ಜನರಲ್ಲರ ಗಮನ ಸೆಳೆದರು. ಕೊನೆಗೆ ಎದುರಾಳಿ ಕಂಪನಿ ತನ್ನ ಬಡಾವಣೆಯನ್ನು ಮಾರಿ ಹೊರಟಿತು. ಎರಡೂ ಸೇರಿ ಒಂದಾಗಿ, ಆ ಕಂಪನಿಯೇ ಇಟ್ಟಿದ್ದ ‘ಸನ್ನಿಹಿಲ್ಸ್’ ಎಂಬ ಹೆಸರನ್ನೇ ಉಳಿಸಿಕೊಂಡವು. ಬಿಳಿಯರಿಗೆಂದು ಇಟ್ಟ ಹೆಸರು ಎಲ್ಲರ ಬಡಾವಣೆಗೆ ಬಂತು. ಆದರೆ ಈ ಗೆಲುವಿಗೆ ಬೆಲೆ ತೆರಬೇಕಾಯಿತು. ವಿಳಂಬದಿಂದ ಮನೆಗಳ ಬೆಲೆ ಏರಿ, ಯಾರಿಗಾಗಿ ಹೋರಾಟ ನಡೆಯಿತೋ ಆ ಕಪ್ಪು ಕಾರ್ಮಿಕರಲ್ಲಿ ಕೊಳ್ಳಲು ಸಾಧ್ಯವಾದದ್ದು ಕೆಲವರಿಗೆ ಮಾತ್ರ. ಉಳಿದ ಎಷ್ಟೋ ಮಂದಿ ರಿಚ್ಮಂಡಿನಿಂದಲೇ ಒಂದೇ ಕಾರಿನಲ್ಲಿ ನಾಲ್ಕೈದು ಜನ ಸೇರಿ ದಿನವೂ ಓಡಾಡಿದರು, ವರ್ಷಗಟ್ಟಲೆ. ಬಂದು ನೆಲೆಸಿದವರಲ್ಲಿ ಯೂನಿಯನ್ನಿನ ವಸತಿ ಹೋರಾಟದ ಮುಂದಾಳು ಬೆನ್ ಗ್ರಾಸ್ ಒಬ್ಬರು. ಅವರು 1961ರಲ್ಲಿ ಪುರಸಭೆಗೆ ಆಯ್ಕೆಯಾದರು, 1966ರಲ್ಲಿ ಮೇಯರ್ ಆದರು. ಹೆಚ್ಚಿನವರು ಬಿಳಿಯರೇ ಇದ್ದ ಊರಿಗೆ ಕಪ್ಪು ಮೇಯರ್.

ಅದೇ ದಶಕದಲ್ಲಿ ದೇಶವೂ ಹೊರಳಿತು. ಆದರೆ ಸಲೀಸಾಗಿ ಅಲ್ಲ. ಮನೆ ಮಾರುವಲ್ಲಿ, ಬಾಡಿಗೆ ಕೊಡುವಲ್ಲಿ ತಾರತಮ್ಯ ಕೂಡದೆಂದು ಕ್ಯಾಲಿಫೋರ್ನಿಯಾ 1963ರಲ್ಲಿ ಕಾನೂನು ಮಾಡಿದರೆ, ಮರುವರ್ಷವೇ ಮತದಾರರು ಭಾರಿ ಬಹುಮತದಿಂದ ಅದನ್ನು ಹೊಡೆದುಹಾಕಿದರು. ಆ ಜನಮತವನ್ನು ರಾಜ್ಯದ ಸುಪ್ರೀಂ ಕೋರ್ಟು 1966ರಲ್ಲಿ, ದೇಶದ ಸುಪ್ರೀಂ ಕೋರ್ಟು 1967ರಲ್ಲಿ ರದ್ದು ಮಾಡಿದವು. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಯಿತು. ಒಂದು ವಾರದ ನಂತರ, 11ರಂದು, ಇಡೀ ದೇಶಕ್ಕೆ ಅನ್ವಯಿಸುವ ವಸತಿ ನ್ಯಾಯದ ಕಾನೂನಿಗೆ ಸಹಿ ಬಿತ್ತು. ನಮ್ಮ ದಲ್ಲಾಳಿ ನಕ್ಕು ಸುಮ್ಮನಾದದ್ದು ಆ ಸಹಿಯಿಂದ. ಇನ್ನೊಂದು ಕಡೆ, 1965ರ ವಲಸೆ ಕಾನೂನು ಏಷ್ಯದವರಿಗೆ ಬಾಗಿಲು ತೆರೆದಿತ್ತು. ಬಾಗಿಲು ತೆರೆದ ಕೆಲವೇ ವರ್ಷದಲ್ಲಿ ಬೀದಿಯೂ ತೆರೆಯಿತು. ನಮ್ಮ ಮೊದಲ ತಲೆಮಾರಿನ ಎಂಜಿನಿಯರುಗಳು, ಡಾಕ್ಟರುಗಳು ಎರಡು ಪೆಟ್ಟಿಗೆ ಹಿಡಿದು ಬಂದಿಳಿದಾಗ ಬೇಕಾದ ಕಡೆ ಮನೆ ಕೊಳ್ಳಲು ಸಾಧ್ಯವಾದದ್ದು ಅವರ ಓದಿನಿಂದ, ದುಡಿಮೆಯಿಂದ. ಹಾಗೆಯೇ ಅವರಿಗಿಂತ ಮೊದಲು ಇತರರು ಪಟ್ಟ ಪಾಡಿನಿಂದ. ಈ ಎರಡನೆಯ ಅರ್ಧವನ್ನು ನಮ್ಮ ಮಕ್ಕಳಿಗೆ ಹೇಳಲು ಮರೆಯುತ್ತೇವೆ.

ಫೋರ್ಡ್ ಕಾರ್ಖಾನೆ 1983ರಲ್ಲಿ ಮುಚ್ಚಿತು. ಮಸ್ಟ್ಯಾಂಗ್ ಕಾರುಗಳು ಹೊರಬರುತ್ತಿದ್ದ ಕಟ್ಟಡ 1994ರಲ್ಲಿ ‘ಗ್ರೇಟ್ ಮಾಲ್’ ಆಯಿತು. ದೀಪಾವಳಿಗೆ ಬಟ್ಟೆ ಕೊಳ್ಳಲು ಅಲ್ಲಿಗೆ ಹೋಗಿ ಕಾಲು ನೋಯಿಸಿಕೊಂಡವರಿಗೆ, ಒಂದು ಅಂಗಡಿ ಸಾಲಿನಿಂದ ಇನ್ನೊಂದು ಅಷ್ಟು ದೂರ ಯಾಕೆ ಎಂಬುದು ಈಗ ತಿಳಿದೀತು: ನೀವು ನಡೆದದ್ದು ಕಾರು ಜೋಡಿಸುತ್ತಿದ್ದ ಕಾರ್ಖಾನೆಯ ಉದ್ದ. ಇಂದು ಊರಿನ ಜನಸಂಖ್ಯೆ ಸುಮಾರು 80 ಸಾವಿರ. ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮಂದಿ ಏಷ್ಯ ಮೂಲದವರು.

ಇತಿಹಾಸ ಸರಿ, ಮನೆ ಕೊಳ್ಳಬೇಕೋ ಬೇಡವೋ? ಇತಿಹಾಸ ತಿಳಿದರೆ ಈ ಪ್ರಶ್ನೆಗೂ ಉತ್ತರ ಹತ್ತಿರವಾಗುತ್ತದೆ ಎಂಬುದು ನನ್ನ ಅನುಭವ. ಹಳೆಯ ಬಡಾವಣೆಯಲ್ಲಿ ನೋಡಬೇಕಾದ ಒಂದೊಂದೂ ಒಂದೊಂದು ಇಸವಿಗೆ ಅಂಟಿಕೊಂಡಿರುತ್ತದೆ.

ಮೊದಲು ನೆಲ. ಮಾರುವವರು ಕೊಡಲೇಬೇಕಾದ ಪ್ರಕೃತಿ ವಿಕೋಪದ ವರದಿಯನ್ನು ಬಹಳ ಮಂದಿ ಓದದೆ ಸಹಿ ಹಾಕುತ್ತಾರೆ. ಮಿಲ್ಪಿಟಾಸ್‌ನ ಪೂರ್ವದ ಗುಡ್ಡಗಳ ಕಡೆ ಹೇವರ್ಡ್ ಬಿರುಕು ಇದೆ. ಅದರಿಂದ ದೊಡ್ಡ ಭೂಕಂಪ ಆದದ್ದು 1868ರಲ್ಲಿ. ಪಶ್ಚಿಮದ ತಗ್ಗು ಬಯಲಿನ ಮಣ್ಣು ಭೂಮಿ ನಡುಗಿದಾಗ ಕೆಸರಿನಂತೆ ಸಡಿಲವಾಗುವ ಜಾತಿ. ಹಳ್ಳಗಳು ಉಕ್ಕುವ ವಲಯ ಬೇರೆ. ಗಾಳಿ ಕೊಲ್ಲಿಯ ಕಡೆಯಿಂದ ತಿರುಗಿದ ಸಂಜೆ ಜೌಗಿನ, ಕಸದ ಗುಡ್ಡದ ವಾಸನೆಯೂ ಬರುತ್ತದೆ. ಇವುಗಳನ್ನು ತಿಳಿಯಲು ಭಾನುವಾರ ಮಧ್ಯಾಹ್ನದ ಓಪನ್ ಹೌಸ್ ಸಾಲದು. ನಾವು ಕೆಲಸದ ದಿನ ಬೆಳಗ್ಗೆ ಏಳೂವರೆಗೆ ಒಮ್ಮೆ, ಸಂಜೆ ಆರಕ್ಕೆ ಒಮ್ಮೆ, ಮಳೆ ಬಂದ ಮರುದಿನ ಒಮ್ಮೆ ಹೋಗಿ ನಿಂತೆವು.

ಆಮೇಲೆ ಮನೆ. 1950ರ ದಶಕದ ಮನೆಗೆ ತವರ ಲೇಪಿಸಿದಂತೆ ಕಾಣುವ ಕಬ್ಬಿಣದ ನೀರಿನ ಪೈಪು. ಅದು ಒಳಗೇ ತುಕ್ಕು ಹಿಡಿದು ಸಂದಿಯಾಗುತ್ತದೆ. ಚರಂಡಿಗೆ ಮಣ್ಣಿನ ಪೈಪು. ಬೀದಿ ಮರದ ಬೇರು ಅದರೊಳಗೆ ನುಗ್ಗುತ್ತದೆ. ಪೈಪಿನೊಳಗೆ ಕ್ಯಾಮೆರಾ ಇಳಿಸಿ ನೋಡಲು ಕೆಲವು ನೂರು ಡಾಲರು, ಆಮೇಲೆ ಅಗೆಸಲು ಸಾವಿರಾರು. ಗೋಡೆಯಲ್ಲಿ ಎರಡೇ ತೂತಿನ ಪ್ಲಗ್ಗು ಕಂಡರೆ ಅರ್ತಿಂಗ್ ಇಲ್ಲವೆಂದು ಅರ್ಥ. 1978ಕ್ಕೆ ಮೊದಲಿನ ಬಣ್ಣದಲ್ಲಿ ಸೀಸ ಇರಬಹುದು, ನೆಲದ ಹಳೆಯ ಬಿಲ್ಲೆಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಅಂಬೆಗಾಲಿಡುವ ಮಗುವಿದ್ದರೆ ಪರೀಕ್ಷೆ ಮಾಡಿಸಲೇಬೇಕು. ಮನೆಯ ಚೌಕಟ್ಟನ್ನು ತಳಪಾಯಕ್ಕೆ ಬೋಲ್ಟು ಹಾಕಿ ಬಿಗಿದಿದ್ದಾರೆಯೇ ಎಂದು ಕೇಳಬೇಕು. ಗ್ಯಾರೇಜನ್ನು ಕೋಣೆ ಮಾಡಿದ್ದರೆ ನಗರಸಭೆಯ ಪರ್ಮಿಟ್ಟು ಇದೆಯೇ ಎಂದು ಕಡತ ತೆಗೆಸಿ ನೋಡಬೇಕು. ಇವು ಯಾವುವೂ ಮನೆ ಬೇಡವೆನ್ನಲು ಕಾರಣಗಳಲ್ಲ. ಬೆಲೆ ಮಾತಾಡಲು ಕಾರಣಗಳು. ಅದೇ ಕಾಲದ ಮನೆಗೆ ದೊಡ್ಡ ಹಿತ್ತಲಿದೆ, ಅಗಲ ಬೀದಿಯಿದೆ, ಎಪ್ಪತ್ತು ವರ್ಷ ಬೆಳೆದ ನೆರಳಿದೆ. ಹೊಸ ಬಡಾವಣೆ ಎಷ್ಟು ಕೊಟ್ಟರೂ ನೆರಳನ್ನು ಕೊಡಲಾರದು.

ಮೂರನೆಯದು ತೆರಿಗೆ. 1978ರ ಜೂನಿನಲ್ಲಿ ಕ್ಯಾಲಿಫೋರ್ನಿಯಾದ ಜನ ‘ಪ್ರೊಪೊಸಿಷನ್ 13’ ಎಂಬುದಕ್ಕೆ ಮತ ಹಾಕಿದರು. ಅದರಂತೆ ಆಸ್ತಿ ತೆರಿಗೆಯ ಮೂಲದರ ಕೊಂಡ ಬೆಲೆಯ ಶೇಕಡಾ 1; ತೆರಿಗೆಗೆ ಹಿಡಿಯುವ ಆ ಬೆಲೆ ವರ್ಷಕ್ಕೆ ಶೇಕಡಾ 2ಕ್ಕಿಂತ ಹೆಚ್ಚು ಏರುವಂತಿಲ್ಲ, ಮನೆ ಮಾರುವ ತನಕ. ಹಾಗಾಗಿ ಹಳೆಯ ಬೀದಿಯಲ್ಲಿ ಒಂದೇ ಅಳತೆಯ ಎರಡು ಮನೆಗಳಲ್ಲಿ ಹೊಸಬರು ಹಳಬರಿಗಿಂತ ಎಷ್ಟೋ ಪಟ್ಟು ಹೆಚ್ಚು ತೆರಿಗೆ ಕಟ್ಟುತ್ತಿರುತ್ತಾರೆ. ಹೊಟ್ಟೆಕಿಚ್ಚು ಪಡುವ ಮೊದಲು ಇದರ ಇನ್ನೊಂದು ಮುಖ ನೋಡಬೇಕು: ಹಳಬರು ಬೀದಿ ಬಿಟ್ಟು ಹೋಗುವುದಿಲ್ಲ. ಬೀದಿಗೆ ನೆನಪು ಉಳಿಯುತ್ತದೆ. 1982ರ ನಂತರದ ಹೊಸ ಬಡಾವಣೆಗಳಲ್ಲಿ ಸಾಮಾನ್ಯವಾಗಿ ರಸ್ತೆ, ಶಾಲೆಗಳಿಗೆಂದು ಬೀಳುವ ಮೆಲ್ಲೋ-ರೂಸ್ ಎಂಬ ಹೆಚ್ಚುವರಿ ತೆರಿಗೆ ಹಳೆಯ ಬಡಾವಣೆಗಳಲ್ಲಿ ಇರುವುದು ಅಪರೂಪ. ಹೊಸದಕ್ಕೂ ಹಳೆಯದಕ್ಕೂ ತಿಂಗಳ ಕಂತು ಹೋಲಿಸುವಾಗ ಇದನ್ನು ಸೇರಿಸಿ ಲೆಕ್ಕ ಹಾಕಬೇಕು.

ಆ ಬೀದಿಯ ನೆನಪು ನಮಗೆ ಸಿಕ್ಕಿದ್ದು ಪಕ್ಕದ ಮನೆಯ ಅಂಗಳದಲ್ಲಿ. ಗುಲಾಬಿಗೆ ನೀರು ಬಿಡುತ್ತಿದ್ದ ಎಂಬತ್ತು ದಾಟಿದ ಅಜ್ಜಿ ನಾವು ಮೂರನೆಯ ಸಲ ಬೀದಿಯಲ್ಲಿ ಸುಳಿದದ್ದನ್ನು ಕಂಡು ತಾವೇ ಕರೆದರು. ಗಂಡ ಫೋರ್ಡಿನಲ್ಲಿ ಬಾಗಿಲು ಜೋಡಿಸುವ ಸಾಲಿನಲ್ಲಿದ್ದರಂತೆ. ಆ ಮನೆಯ ನೀರಿನ ಪೈಪು ಬದಲಾಗಿದೆ, ಚರಂಡಿಯದು ಇಲ್ಲ, ಜೋರು ಮಳೆಗೆ ಬೀದಿಯ ಆ ತುದಿಯಲ್ಲಿ ನೀರು ನಿಲ್ಲುತ್ತದೆ, ಈ ತುದಿಯಲ್ಲಿ ಇಲ್ಲ ಎಂದರು. ವರದಿ ಕೊಟ್ಟ ಇಬ್ಬರು ಇನ್‌ಸ್ಪೆಕ್ಟರುಗಳಿಗಿಂತ ಹೆಚ್ಚು ವಿಷಯ ಹತ್ತು ನಿಮಿಷದಲ್ಲಿ ತಿಳಿಯಿತು. ಬೀದಿಯಲ್ಲಿ ಯಾರೆಲ್ಲ ಬಾಳಿದರು ಎಂದು ಕೇಳಿದಾಗ ಬೆರಳು ಮಡಿಸುತ್ತ ಹೇಳಿದರು: ಟೆಕ್ಸಾಸಿನಿಂದ ಬಂದವರು, ಪೋರ್ಚುಗೀಸರು, ಮೆಕ್ಸಿಕನ್ನರು, ಫಿಲಿಪಿನೋಗಳು, ವಿಯೆಟ್ನಾಂ ಯುದ್ಧದ ನಂತರ ದೋಣಿಯಲ್ಲಿ ಬಂದವರು. ‘ಇನ್ನು ನೀವು’ ಎಂದು ಕೊನೆಯ ಬೆರಳು ಮಡಿಸಿದರು. ಆ ಪಟ್ಟಿಯಲ್ಲಿ ಯಾರೂ ಯಾರಿಗೂ ‘ನಮ್ಮವರು’ ಆಗಿ ಬಂದಿರಲಿಲ್ಲ. ಅಕ್ಕಪಕ್ಕ ಬಾಳಿ ಆದವರು.

ಶಾಲೆಯ ಮಾತು ಬಿಡುವಂತಿಲ್ಲ. ಮಕ್ಕಳ ಓದು ನಮ್ಮವರಿಗೆ ಧರ್ಮಕ್ಕೆ ಸಮ. ಆದರೆ ಹತ್ತಕ್ಕೆ ಇಷ್ಟು ಎಂಬ ಅಂಕ ಬಹುಪಾಲು ತಂದೆತಾಯಿಯರ ಓದನ್ನೂ ಸಂಪಾದನೆಯನ್ನೂ ಅಳೆಯುತ್ತದೆ, ಮೇಷ್ಟರ ಪಾಠವನ್ನು ಅಷ್ಟಾಗಿ ಅಳೆಯುವುದಿಲ್ಲ. ನನ್ನ ಹೆಂಡತಿ ಶಾಲೆಗೇ ಹೋಗಿ ಒಂದು ಬೆಳಗ್ಗೆ ಕುಳಿತು ಬಂದಳು. ಇಂಗ್ಲಿಷ್ ಬಾರದ ಮಗುವನ್ನು ಮೇಡಂ ಹೇಗೆ ಮಾತಾಡಿಸುತ್ತಾರೆ, ಗ್ರಂಥಾಲಯದಲ್ಲಿ ಮಕ್ಕಳಿದ್ದಾರೋ ಧೂಳಿದೆಯೋ ಎಂಬುದನ್ನು ನೋಡಿದಳು. ‘ಅಂಕ ಏಳೇ ಇರಲಿ, ಇಲ್ಲಿ ನಮ್ಮ ಮಗು ನಗುತ್ತೆ’ ಎಂಬ ಆಕೆಯ ವರದಿ ನಮಗೆ ಸಾಕಾಯಿತು.

ಇಲ್ಲಿ ಅಮೆರಿಕವನ್ನು ಕಟಕಟೆಯಲ್ಲಿ ನಿಲ್ಲಿಸಿ ನಾವು ಸಾಕ್ಷಿ ಹೇಳಲು ಹೊರಟರೆ ನಾಚಿಕೆಗೇಡು. ಅಗ್ರಹಾರ, ಕೇರಿ ಎಂಬ ಪದಗಳು ಬೇರೆ ಭಾಷೆಯಿಂದ ಬಂದು ನಮ್ಮ ಊರುಗಳ ಬೆನ್ನಿಗೆ ಅಂಟಿಕೊಂಡವಲ್ಲ. 1898ರ ಪ್ಲೇಗಿನ ಹೊಡೆತಕ್ಕೆ ಸಿಕ್ಕ ಬೆಂಗಳೂರು ಮಲ್ಲೇಶ್ವರ, ಬಸವನಗುಡಿಗಳೆಂಬ ಗಾಳಿ ಬೆಳಕಿನ ಹೊಸ ಬಡಾವಣೆಗಳನ್ನು ಕಟ್ಟಿಕೊಂಡಿತು; ರೋಗ ಹೊರಗುಳಿಯಿತು, ಜಾತಿ ಗಂಟುಮೂಟೆ ಕಟ್ಟಿಕೊಂಡು ಜೊತೆಗೇ ಬಂತು. ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬಾಡಿಗೆ ಬೋರ್ಡು ಇಂದಿಗೂ ಆ ಬೀದಿಗಳಲ್ಲಿ ಕಾಣುತ್ತದೆ. ಅದೂ ಸಭ್ಯ ಮಾತೇ. ಚದರಡಿ, ಚರಂಡಿಯ ಹಾಗೆ.

ನಾವು ಆ ಮನೆ ಕೊಂಡೆವು. ಚರಂಡಿ ಪೈಪಿನ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಂಡೆವು, ತಳಪಾಯಕ್ಕೆ ಬೋಲ್ಟು ಹಾಕಿಸಿದೆವು. ಸನ್ನಿಹಿಲ್ಸ್ ಬಂದು ಸೇರಲು ಒಳ್ಳೆಯ ಬಡಾವಣೆಯೇ ಎಂದು ಯಾರಾದರೂ ಕೇಳಿದರೆ, ಹೌದು ಎನ್ನುತ್ತೇನೆ. ನೆಲದ ಅಪಾಯ ತಿಳಿದುಕೊಂಡು, ಪೈಪಿಗೆ ದುಡ್ಡು ತೆಗೆದಿಟ್ಟು ಬನ್ನಿ. ಯಾರನ್ನೂ ಹೊರಗಿಡದೆ ಬಾಳುವುದನ್ನು ಈ ಬೀದಿಗಳು ಎಪ್ಪತ್ತು ವರ್ಷದಿಂದ ಅಭ್ಯಾಸ ಮಾಡಿವೆ. ಆ ಅಭ್ಯಾಸವನ್ನು ಯಾವ ಅಂಕವೂ ತೋರಿಸುವುದಿಲ್ಲ, ಸೇರಿದ ಮೇಲೆ ಗೊತ್ತಾಗುತ್ತದೆ.

ಆದರೆ ಒಂದು ಮಾತು ಬಾಕಿಯಿದೆ. ಹೋದ ವರ್ಷ ನಮ್ಮ ಕೌಂಟಿಯ ಒಂದು ಊರಿನಲ್ಲಿ, ಕಡಿಮೆ ಸಂಬಳದವರಿಗಾಗಿ ಕಟ್ಟಲಿದ್ದ ಅಪಾರ್ಟ್‌ಮೆಂಟಿನ ಬಗ್ಗೆ ಸಾರ್ವಜನಿಕ ಸಭೆ ನಡೆಯಿತು. ಕುತೂಹಲಕ್ಕೆ ಹೋಗಿ ಹಿಂದೆ ಕುಳಿತೆ. ಮೈಕಿನ ಮುಂದೆ ಸಾಲುಗಟ್ಟಿ ನಿಂತವರಲ್ಲಿ ನನಗೆ ಪರಿಚಯದ ಕನ್ನಡಿಗರೂ ಇದ್ದರು. ಸಜ್ಜನರು, ನಮ್ಮ ಗಣೇಶನ ಹಬ್ಬಕ್ಕೆ ಮುಂದಾಗಿ ದುಡಿಯುವವರು. ವಾಹನ ದಟ್ಟಣೆ ಹೆಚ್ಚುತ್ತದೆ, ಶಾಲೆ ತುಂಬಿದೆ, ಚರಂಡಿ ತಾಳಲಾರದು, ಬಡಾವಣೆಯ ಸ್ವರೂಪ ಕೆಡುತ್ತದೆ ಎಂದರು. ಅವರ ಮಾತಿನಲ್ಲಿ ಕೆಲವು ನಿಜವೂ ಇದ್ದಿರಬಹುದು. ದಟ್ಟಣೆ ನಿಜವಾಗಿಯೂ ದಟ್ಟಣೆಯೇ. ಆದರೆ ಚರಂಡಿ ಎಂಬ ಮಾತು ಬಂದಾಗ ನನ್ನ ಕಿವಿ ನೆಟ್ಟಗಾಯಿತು. ಸಭೆ ಮುಗಿದ ಮೇಲೆ ಅವರಲ್ಲೊಬ್ಬರ ಹತ್ತಿರ ಹೋಗಿ, 1955ರಲ್ಲಿ ಮಿಲ್ಪಿಟಾಸ್‌ನಲ್ಲಿ ಚರಂಡಿ ಶುಲ್ಕ ಏರಿಸಿದ ಕಥೆ ಹೇಳಿದೆ. ತಾಳ್ಮೆಯಿಂದ ಕೇಳಿಸಿಕೊಂಡರು. ‘ಅದು ಬೇರೆ ಸಾರ್, ಇದು ಬೇರೆ’ ಎಂದರು.

ಬೇರೆಯೇ ಇರಬಹುದು. ಅಂದಿನವರೂ ತಮ್ಮದು ಬೇರೆ ಎಂದೇ ತಿಳಿದಿದ್ದರು. ಹಳೆಯ ಬಡಾವಣೆಗೆ ಹೋಗುವ ಮೊದಲು ಅಲ್ಲಿ ಎಂಥ ಜನ ಇದ್ದಾರೆಂದು ವಿಚಾರಿಸುವುದು ಸಹಜ. ಹೋಗಿ ನೆಲೆಸಿದ ಮರುದಿನದಿಂದ ಆ ‘ಎಂಥ ಜನ’ ನಾವೇ ಆಗಿರುತ್ತೇವೆ. ಮುಂದೆ ಬರುವವರು ಆ ಬೀದಿ ಒಳ್ಳೆಯದೋ ಅಲ್ಲವೋ ಎಂದು ನಮ್ಮನ್ನು ನೋಡಿ ತೀರ್ಮಾನಿಸುತ್ತಾರೆ.